ಎರಡನೇ ಸಲ ಸಿಕ್ಕಿಬಿದ್ದವನ ಡಿಎಲ್ ರದ್ದಾಗಲಿ: ಸಾರಿಗೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರಗಳು.

ಕುಡಿದು ವಾಹನ ಓಡಿಸಿ ಎರಡನೇ ಸಲ ಸಿಕ್ಕಿಬಿದ್ದವನ ಚಾಲನಾ ಪರವಾನಗಿಯನ್ನು ರದ್ದುಪಡಿಸಲು ನಮ್ಮ ಕಾನೂನಿನಲ್ಲಿ ಸ್ಪಷ್ಟ ದಾರಿಯಿದೆ. ಆದ್ದರಿಂದ ಹೊಸ ಕಾನೂನು ತನ್ನಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಇರುವ ಕಾನೂನನ್ನು ಬೆಂಗಳೂರಿನಲ್ಲಿ ಜಾರಿಗೆ ತನ್ನಿ ಎಂದು ಕೇಳುತ್ತಿದ್ದೇನೆ. ಪರವಾನಗಿ ಕೊಡುವ ಮತ್ತು ಕಿತ್ತುಕೊಳ್ಳುವ ಕಚೇರಿ ತಮ್ಮ ಇಲಾಖೆಯದು. ಹಾಗಾಗಿ ಪತ್ರವೂ ತಮಗೇ.

ನಾನು ಈ ನಗರದಲ್ಲಿ ವಕೀಲೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡು ಪರಿಹಾರ ಕೇಳಲು ಬಂದವರು. ಬೇರೆ ಕೆಲಸದ ಮೇಲೆ ಆಗಾಗ ಸಂಚಾರ ನ್ಯಾಯಾಲಯಕ್ಕೂ ಹೋಗುತ್ತೇನೆ. ಈ ಎರಡು ಕಡೆಯನ್ನೂ ನೋಡಿದ ಮೇಲೆ ಸುಮ್ಮನಿರುವುದು ಕಷ್ಟ.

ಸೋಮವಾರ ಬೆಳಗ್ಗೆ ಸಂಚಾರ ನ್ಯಾಯಾಲಯದ ಪಡಸಾಲೆ ತುಂಬಿರುತ್ತದೆ. ವಾರಾಂತ್ಯದ ರಾತ್ರಿಗಳಲ್ಲಿ ಆಲ್ಕೋಮೀಟರ್ ಊದಿ ಸಿಕ್ಕಿಬಿದ್ದವರು ಕೈಯಲ್ಲಿ ಮಡಚಿದ ನೋಟಿಸ್ ಹಿಡಿದು ನಿಂತಿರುತ್ತಾರೆ. ಗಾಡಿ ಠಾಣೆಯ ಮುಂದೆ ನಿಂತಿರುವುದರಿಂದ ಎಲ್ಲರೂ ಆಟೋದಲ್ಲೋ ಗೆಳೆಯನ ಬೈಕಿನಲ್ಲೋ ಬಂದವರು. ಅಂಥದ್ದೊಂದು ಬೆಳಗ್ಗೆ, ಮುಖ ಕಪ್ಪಿಟ್ಟು ನಿಂತಿದ್ದ ಹುಡುಗನೊಬ್ಬನಿಗೆ ಪಕ್ಕದಲ್ಲಿದ್ದ ನಲವತ್ತರ ಆಸುಪಾಸಿನ ವ್ಯಕ್ತಿ ಧೈರ್ಯ ಹೇಳುತ್ತಿದ್ದರು: 'ಹೆದರಬೇಡಪ್ಪ, ತಪ್ಪೊಪ್ಪಿಕೊಂಡು ದಂಡ ಕಟ್ಟು, ಮಧ್ಯಾಹ್ನದೊಳಗೆ ಗಾಡಿ ಕೈಗೆ ಬರುತ್ತದೆ. ನನ್ನದು ಹೋದ ಸಲ ಹಾಗೆಯೇ ಆಯಿತು.' ಸ್ವಲ್ಪ ಹೊತ್ತಿಗೆ ಅವರ ಹೆಸರು ಕೂಗಿದರು. ಅವರು ಒಳಗೆ ಹೋಗಿ ಕೈಮುಗಿದು ತಪ್ಪೊಪ್ಪಿಕೊಂಡರು. 10,000 ರೂಪಾಯಿ ಕಟ್ಟಿ, ರಸೀದಿಯನ್ನು ಶರ್ಟಿನ ಜೇಬಿಗಿಟ್ಟುಕೊಂಡು ಹೊರಬಂದರು.

ಹತ್ತು ಸಾವಿರ ಎಂದರೆ ಮೊದಲ ತಪ್ಪಿನ ದಂಡ. ಪಡಸಾಲೆಯಲ್ಲಿ ನಾಲ್ಕು ಜನರಿಗೆ ಕೇಳುವಂತೆ ಹೇಳಿದ 'ಹೋದ ಸಲ' ನ್ಯಾಯಾಧೀಶರ ಮುಂದಿದ್ದ ಕಾಗದದಲ್ಲಿ ಇರಲಿಲ್ಲ.

ನ್ಯಾಯಾಧೀಶರನ್ನು ದೂರುವುದು ಸರಿಯಲ್ಲ. ಹಿಂದೆ ಆದ ಶಿಕ್ಷೆಯ ಆಧಾರದ ಮೇಲೆ ಹೆಚ್ಚಿನ ಶಿಕ್ಷೆ ಬೇಕೆಂದಾದರೆ, ಆ ಹಿಂದಿನ ಶಿಕ್ಷೆ ಯಾವಾಗ, ಎಲ್ಲಿ, ಯಾವ ಅಪರಾಧಕ್ಕೆ ಆಯಿತೆಂಬುದನ್ನು ಆರೋಪದಲ್ಲೇ ಕಾಣಿಸಿ ಸಾಬೀತುಪಡಿಸಬೇಕೆಂಬುದು ಬಹಳ ಹಳೆಯ ನಿಯಮ. ಅದನ್ನು ಕಾಣಿಸಬೇಕಾದವರು ಪೊಲೀಸರು, ಕೇಳಬೇಕಾದವರು ಸರ್ಕಾರಿ ಅಭಿಯೋಜಕರು. ಕಾಗದದಲ್ಲಿ ಇಲ್ಲದ್ದನ್ನು ನ್ಯಾಯಪೀಠ ಊಹಿಸಿ ಶಿಕ್ಷೆ ಕೊಡಲಾಗದು. ಊಹಿಸಲೂ ಬಾರದು.

ಕಾನೂನು ಏನು ಹೇಳುತ್ತದೆ ಎಂಬುದನ್ನು ಓದುಗರಿಗಾಗಿ ಇಲ್ಲಿ ಬರೆಯುತ್ತೇನೆ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185ರ ಪ್ರಕಾರ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಮತ್ತು ಆಮೇಲಿನ ಪ್ರತಿ ಸಲಕ್ಕೆ 2 ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಇವು 2019ರ ತಿದ್ದುಪಡಿಯ ನಂತರ, ಅದೇ ವರ್ಷದ ಸೆಪ್ಟೆಂಬರ್ 1ರಿಂದ ಬಂದ ಮೊತ್ತಗಳು. ಅದಕ್ಕೆ ಮುಂಚೆ ದಂಡ 2,000 ಮತ್ತು 3,000 ರೂಪಾಯಿ ದಾಟುತ್ತಿರಲಿಲ್ಲ. ಎರಡನೆಯ ಅಪರಾಧ ಮೊದಲನೆಯದಾದ ಮೂರು ವರ್ಷದೊಳಗೆ ನಡೆದಿದ್ದರೆ ಮಾತ್ರ ಹೆಚ್ಚಿನ ಶಿಕ್ಷೆ ಎಂಬ ಮಿತಿಯೂ ಆಗ ಇತ್ತು. ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿತು. ಅಂದರೆ ಐದು ವರ್ಷದ ಹಿಂದಿನ ಶಿಕ್ಷೆಯೂ ಇಂದು ಲೆಕ್ಕಕ್ಕೆ ಬರಬೇಕು. ಆದರೆ ಐದು ವರ್ಷದ ಹಿಂದಿನ ಶಿಕ್ಷೆಯನ್ನು ಹುಡುಕಿ ತೆಗೆಯುವವರು ಯಾರು? ಅದು ಬೇರೆ ಠಾಣೆಯ ವ್ಯಾಪ್ತಿಯದ್ದಾಗಿದ್ದರೆ? ಬೇರೆ ಜಿಲ್ಲೆಯದ್ದಾಗಿದ್ದರೆ?

ಮೊದಲ ಸಲಕ್ಕೂ ಎರಡನೇ ಸಲಕ್ಕೂ ದಂಡದಲ್ಲಿ ಇರುವ ವ್ಯತ್ಯಾಸ 5,000 ರೂಪಾಯಿ. ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ನಾಲ್ವರು ಗೆಳೆಯರು ಶನಿವಾರ ರಾತ್ರಿ ಕುಳಿತೆದ್ದರೆ ಅದಕ್ಕಿಂತ ಹೆಚ್ಚು ಬಿಲ್ ಆಗುತ್ತದೆ. ಅದೇ ಮೊತ್ತಕ್ಕೆ ಆಟೋ ಚಾಲಕನೊಬ್ಬ ದಿನಗಟ್ಟಲೆ ದುಡಿಯಬೇಕು. ದಂಡ ಎಲ್ಲರನ್ನೂ ಒಂದೇ ರೀತಿ ತಟ್ಟುವುದಿಲ್ಲ, ದುಡ್ಡಿರುವವನನ್ನಂತೂ ತಟ್ಟುವುದೇ ಇಲ್ಲ. ದಂಡಗಳನ್ನು ಹತ್ತು ಪಟ್ಟಿನವರೆಗೆ ಏರಿಸುವ ಅಧಿಕಾರವನ್ನು ಸೆಕ್ಷನ್ 210ಎ ರಾಜ್ಯಕ್ಕೆ ಕೊಟ್ಟಿದೆ ಎಂಬುದು ನನಗೆ ಗೊತ್ತು. ಅದನ್ನು ಬಳಸಿ ಎಂದು ನಾನು ಕೇಳುವುದಿಲ್ಲ. ಅದು ಕಾಯ್ದೆಯ ಎಲ್ಲ ದಂಡಗಳಿಗೂ ತಗಲುವ ಗುಣಕ. ಕುಡಿದು ಓಡಿಸಿದವನ ಜೊತೆಗೆ, ಹೆಲ್ಮೆಟ್ ಇಲ್ಲದೆ ಹಾಲು ತರಲು ಹೋದವನೂ ಅಷ್ಟು ಪಟ್ಟು ಕಟ್ಟಬೇಕಾಗುತ್ತದೆ.

ಪರವಾನಗಿಯ ವಿಷಯ ಹಾಗಲ್ಲ. ಅದನ್ನು ಕಳೆದುಕೊಂಡರೆ ಕಾರಿನವನಿಗೂ ಸ್ಕೂಟರಿನವನಿಗೂ ಆಗುವ ತೊಂದರೆ ಒಂದೇ. 2019ರ ತಿದ್ದುಪಡಿಯ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದೆಲ್ಲ ದಂಡದ ಮೊತ್ತಗಳೇ. ಅದರಲ್ಲಿದ್ದ ಹೆಚ್ಚು ತೂಕದ ಭಾಗ ಯಾರ ಕಣ್ಣಿಗೂ ಬೀಳಲಿಲ್ಲ. ಸೆಕ್ಷನ್ 206ರ ನಾಲ್ಕನೇ ಉಪವಿಧಿಯಂತೆ, ಕುಡಿದು ಓಡಿಸಿದವನ ಡಿಎಲ್ ಅನ್ನು ಪೊಲೀಸರು ವಶಕ್ಕೆ ಪಡೆದು ಆರ್‌ಟಿಒಗೆ ಕಳುಹಿಸಬೇಕು. ಸೆಕ್ಷನ್ 19(1ಎ) ಪ್ರಕಾರ ಆರ್‌ಟಿಒ ಅವನ ಅಹವಾಲು ಕೇಳಿ, ಮೊದಲ ತಪ್ಪಿಗೆ ಮೂರು ತಿಂಗಳು ಅನರ್ಹಗೊಳಿಸಬಹುದು. ಎರಡನೆಯದಕ್ಕೆ ಪರವಾನಗಿಯನ್ನೇ ರದ್ದುಪಡಿಸಬಹುದು. ಇದಲ್ಲದೆ ಸೆಕ್ಷನ್ 20ರ ಪ್ರಕಾರ, 185ರ ಅಡಿ ಶಿಕ್ಷೆ ಕೊಡುವ ನ್ಯಾಯಾಲಯವೂ ಕನಿಷ್ಠ 6 ತಿಂಗಳ ಅನರ್ಹತೆಯ ಆದೇಶ ಮಾಡಬೇಕು. ಈ ಕೊನೆಯ ವಿಧಿ ಹೊಸದೂ ಅಲ್ಲ. ಆದರೂ ನಾನು ನಿಂತು ನೋಡಿದ ದಿನಗಳಲ್ಲಿ ಕಿವಿಗೆ ಬಿದ್ದದ್ದು ದಂಡದ ಮೊತ್ತ, ಅನರ್ಹತೆಯ ಮಾತು ತೀರಾ ಅಪರೂಪ. ಅದನ್ನು ಕೇಳುವಂತೆ ಅಭಿಯೋಜಕರಿಗೆ ಒಂದು ಸುತ್ತೋಲೆ ಹೋದರೆ ಸಾಕು. ಗೃಹ ಸಚಿವರೊಂದಿಗೆ ತಾವು ಒಮ್ಮೆ ಕುಳಿತು ಮಾತನಾಡಿದರೆ ಮುಗಿಯುವ ಕೆಲಸ ಅದು.

ಡಿಎಲ್ ಕಾರ್ಡನ್ನು ಕಿತ್ತಿಟ್ಟುಕೊಂಡ ಮಾತ್ರಕ್ಕೆ ಏನೂ ಆಗುವುದಿಲ್ಲ. ಮೊಬೈಲ್‌ನ ಡಿಜಿಲಾಕರ್‌ನಲ್ಲಿ ತೋರಿಸುವ ಪರವಾನಗಿಗೂ ಮಾನ್ಯತೆ ಇರುವ ಕಾಲ ಇದು. ಕಾರ್ಡು ಠಾಣೆಯ ಬೀರುವಿನಲ್ಲಿ ಬಿದ್ದಿದ್ದರೂ ಅದರ ಒಡೆಯ ರಸ್ತೆಯಲ್ಲೇ ಇರುತ್ತಾನೆ. ಅಮಾನತು ಅಥವಾ ರದ್ದತಿ, ಚಾಲನಾ ಪರವಾನಗಿಗಳ ದಾಖಲೆ ಇಡುವ ಸಾರಥಿ ತಂತ್ರಾಂಶದಲ್ಲಿ ಆ ಪರವಾನಗಿಯ ಸಂಖ್ಯೆಯ ಎದುರು ದಾಖಲಾಗಬೇಕು. ತಪಾಸಣೆಗೆ ನಿಂತ ಸಂಚಾರ ಪೊಲೀಸರ ಕೈಯಲ್ಲಿರುವ ಉಪಕರಣದಲ್ಲಿ ಸಂಖ್ಯೆ ಒತ್ತಿದ ತಕ್ಷಣ ಹಿಂದಿನ ಶಿಕ್ಷೆ ಕಾಣಬೇಕು. ನ್ಯಾಯಾಲಯಕ್ಕೆ ಹೋಗುವ ಆರೋಪ ಪತ್ರದಲ್ಲಿ ಅದು ತಾನಾಗಿಯೇ ಅಚ್ಚಾಗಿ ಬರಬೇಕು. ಹೊರರಾಜ್ಯದ ಪರವಾನಗಿ ಹಿಡಿದು ಇಲ್ಲಿ ಓಡಿಸುವವರು ಬೆಂಗಳೂರಿನಲ್ಲಿ ಸಾಕಷ್ಟಿದ್ದಾರೆ, ಅವರ ಪ್ರಕರಣ ಅವರವರ ಊರಿನ ಆರ್‌ಟಿಒಗೆ ಇದೇ ದಾರಿಯಲ್ಲಿ ತಲುಪಬೇಕು. ಹಳೆಯ ಬಾಕಿ ದಂಡವನ್ನು ವಾಹನದ ಸಂಖ್ಯೆಯಿಂದ ಕ್ಷಣದಲ್ಲಿ ಹುಡುಕಿ ವಸೂಲಿ ಮಾಡುವ ವ್ಯವಸ್ಥೆ ಈ ನಗರದಲ್ಲಿ ಇದೆ. ಹಣ ಬರುವ ಕಡೆ ಕೆಲಸ ಮಾಡುವ ತಂತ್ರಜ್ಞಾನ ಪ್ರಾಣ ಉಳಿಸುವ ಕಡೆಯೂ ಕೆಲಸ ಮಾಡಬೇಕು.

ತಾವು ಕೇಳಬಹುದಾದ ಪ್ರಶ್ನೆ ನನಗೆ ಗೊತ್ತು. ಕ್ಯಾಬ್, ಲಾರಿ, ಶಾಲಾ ವಾಹನ ಓಡಿಸಿ ಬದುಕುವವನ ಡಿಎಲ್ ರದ್ದು ಮಾಡಿದರೆ ಅವನ ಹೊಟ್ಟೆಪಾಡು ಏನಾಗಬೇಕು? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಇದೇ ಬೆಂಗಳೂರಿನಲ್ಲಿ ಬೆಳಗಿನ ಹೊತ್ತು ಶಾಲಾ ವಾಹನಗಳನ್ನು ತಡೆದು ತಪಾಸಣೆ ಮಾಡಿದಾಗ ಕುಡಿದ ಚಾಲಕರು ಸಿಕ್ಕಿದ್ದಾರೆ. ಹಿಂದಿನ ಸೀಟುಗಳಲ್ಲಿ ಮಕ್ಕಳು ಕುಳಿತಿರುತ್ತಾರೆ. ಒಮ್ಮೆ ಸಿಕ್ಕಿಬಿದ್ದು, ಮೂರು ತಿಂಗಳು ಮನೆಯಲ್ಲಿ ಕುಳಿತು, ಮತ್ತೆ ಕುಡಿದು ಅದೇ ಸೀಟಿಗೆ ಹತ್ತಿದವನಿಗೆ ಮೂರನೇ ಅವಕಾಶ ಕೊಡುವ ಹಕ್ಕು ತಮಗೂ ಇಲ್ಲ, ನನಗೂ ಇಲ್ಲ. ಅವನಿಗೆ ಬೇಕಾಗಿರುವುದು ಚಿಕಿತ್ಸೆ. ಎರಡು ಸಲ ಸಿಕ್ಕಿಬಿದ್ದವರಲ್ಲಿ ಕೆಲವರಿಗಾದರೂ ಕುಡಿತ ಚಟದ ಹಂತ ದಾಟಿ ಕಾಯಿಲೆಯಾಗಿರುತ್ತದೆ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ ಇದೇ ಊರಿನಲ್ಲಿದೆ. ಪರವಾನಗಿ ರದ್ದಾದವನು ಮತ್ತೆ ಅರ್ಜಿ ಹಾಕಲು ಬಂದಾಗ ಅಲ್ಲಿಂದಲೋ ಜಿಲ್ಲಾ ಆಸ್ಪತ್ರೆಯಿಂದಲೋ ಚಿಕಿತ್ಸೆಯ ಪತ್ರ ಕೇಳುವಂತಾದರೆ ಅವನ ಹೆಂಡತಿ ಮಕ್ಕಳೇ ತಮ್ಮನ್ನು ಹರಸುತ್ತಾರೆ.

ಶಿಕ್ಷೆ ದೊಡ್ಡದಾದಷ್ಟೂ ರಸ್ತೆ ಬದಿಯಲ್ಲೇ ಕೈಬೆಚ್ಚಗೆ ಮಾಡಿ ಮುಗಿಸುವ ಆಸೆಯೂ ದೊಡ್ಡದಾಗುತ್ತದೆ ಎಂಬುದನ್ನೂ ಹೇಳಿಬಿಡಬೇಕು. ತಪಾಸಣೆಗೆ ನಿಂತ ಪ್ರತಿ ಸಿಬ್ಬಂದಿಯ ಎದೆಯ ಮೇಲೆ ಕ್ಯಾಮೆರಾ ಚಾಲೂ ಇರಲಿ. ಊದಿದ ತಕ್ಷಣ ಬಂದ ಫಲಿತಾಂಶದ ಮುದ್ರಿತ ಚೀಟಿ ಚಾಲಕನ ಕೈಗೂ ಸಿಗಲಿ.

ಇನ್ನೊಂದು ಮಾತು ಸರ್ಕಾರದ ಬಗ್ಗೆಯೇ. 2025-26ರ ಬಜೆಟ್‌ನಲ್ಲಿ ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿಯ ಗುರಿ ಕೊಟ್ಟಿದ್ದೀರಿ. ನಗರದಲ್ಲಿ ಬಾರುಗಳು ರಾತ್ರಿ 1 ಗಂಟೆಯವರೆಗೆ ತೆರೆದಿರುತ್ತವೆ. ಮೆಟ್ರೊದ ಕೊನೆಯ ರೈಲು ಅದಕ್ಕೂ ಮೊದಲೇ ಹೊರಟುಬಿಡುತ್ತದೆ. ಬಿಎಂಟಿಸಿ ತಮ್ಮ ಇಲಾಖೆಯದೇ. ಶುಕ್ರವಾರ, ಶನಿವಾರಗಳಂದಾದರೂ ಚರ್ಚ್ ಸ್ಟ್ರೀಟ್, ಇಂದಿರಾನಗರ, ಕೋರಮಂಗಲಗಳಿಂದ ಒಂದೂವರೆಗೆ ಕೊನೆಯ ಬಸ್ ಹೊರಡುವಂತೆ ಮಾಡಿ. ಬಸ್ ಇಲ್ಲದಿರುವುದು ಕುಡಿದು ಓಡಿಸುವವನಿಗೆ ನೆಪವಾಗಲಾರದು. ಆದರೆ ಮಾರಾಟದ ಲಾಭ ಪಡೆಯುವ ಸರ್ಕಾರ ಕುಡಿದವನು ಮನೆ ಸೇರುವ ದಾರಿಯನ್ನೂ ನೋಡಬೇಕು.

ನನ್ನ ಕಚೇರಿಗೆ ಬರುವವರ ಬಗ್ಗೆಯೂ ತಮಗೆ ತಿಳಿದಿರಲಿ. ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಗೆ ಹೂವು ತರಲು ಹೊರಟವರು, ಬೆಳಕು ಹರಿಯುವ ಮೊದಲೇ ರಸ್ತೆ ಗುಡಿಸುವ ಪೌರಕಾರ್ಮಿಕರು, ರಾತ್ರಿ ಪಾಳಿ ಮುಗಿಸಿ ಮನೆಗೆ ನಡೆದು ಹೋಗುತ್ತಿದ್ದ ಕಾವಲುಗಾರರು, ಇಂಥವರ ಮನೆಯವರೇ ಅವರಲ್ಲಿ ಹೆಚ್ಚು. ಸತ್ತವರ ವಯಸ್ಸು 38 ಆಗಿದ್ದರೆ, ಸುಪ್ರೀಂ ಕೋರ್ಟ್ 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ನಿಗದಿಪಡಿಸಿದ ಪಟ್ಟಿಯಂತೆ ಗುಣಕ, ಅಂದರೆ ಪರಿಹಾರಕ್ಕಾಗಿ ಅವರ ವಾರ್ಷಿಕ ವರಮಾನವನ್ನು ಗುಣಿಸುವ ಸಂಖ್ಯೆ, 15. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದರೆ, ಬದುಕಿದ್ದಿದ್ದರೆ ತನ್ನ ಮೇಲೆ ಖರ್ಚು ಮಾಡಿಕೊಳ್ಳುತ್ತಿದ್ದ ಪಾಲೆಂದು ವರಮಾನದ ಮೂರನೇ ಒಂದು ಭಾಗ ಕಳೆಯುತ್ತಾರೆ. ಸಂಬಳದ ಚೀಟಿ ಇಲ್ಲದ ಹೂವಿನ ವ್ಯಾಪಾರಿಯ ಗಳಿಕೆ ಎಷ್ಟಿತ್ತೆಂದು ಅವನ ಹೆಂಡತಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪಾಟಿ ಸವಾಲು ಮಾಡುತ್ತಾರೆ. ದಿನಕ್ಕೆ ಎಷ್ಟು ಮೊಳ, ಮೊಳಕ್ಕೆ ಎಷ್ಟು ಲಾಭ, ಹಬ್ಬದ ದಿನ ಎಷ್ಟು, ಆಷಾಢದಲ್ಲಿ ಎಷ್ಟು ಎಂದು ಕೇಳುತ್ತಾರೆ. ಅವಳು ಒಂದೊಂದನ್ನೂ ಹೇಳುತ್ತಾಳೆ. ಪ್ರಾಣ ಕಳೆದುಕೊಂಡವನ ಹಿಂದಿನ ಬದುಕನ್ನು ಪೈಸೆ ಪೈಸೆ ಲೆಕ್ಕ ಹಾಕುವ ವ್ಯವಸ್ಥೆಗೆ, ಪ್ರಾಣ ತೆಗೆದವನು ಹಿಂದೆ ಎಷ್ಟು ಸಲ ಕುಡಿದು ಸಿಕ್ಕಿಬಿದ್ದಿದ್ದ ಎಂಬುದು ಮೊದಲೇ ಗೊತ್ತಿರಬೇಕಿತ್ತು. ಗೊತ್ತಿದ್ದರೆ ಅವನ ಡಿಎಲ್ ರದ್ದಾಗಿರುತ್ತಿತ್ತು. ಅನರ್ಹನಾದ ಮೇಲೂ ಓಡಿಸಿದ್ದರೆ ಸೆಕ್ಷನ್ 182ರ ಅಡಿ ಅದಕ್ಕೇ ಬೇರೆ ಜೈಲು ಶಿಕ್ಷೆ ಇರುತ್ತಿತ್ತು.

ಮುಂದಿನ ಅಧಿವೇಶನದಲ್ಲಿ ತಾವು ಎರಡು ಸಂಖ್ಯೆಗಳನ್ನು ಸದನದ ಮುಂದಿಡಬೇಕೆಂದು ಕೇಳಿಕೊಳ್ಳುತ್ತೇನೆ. 2019ರ ಸೆಪ್ಟೆಂಬರ್‌ನಿಂದ ಇಲ್ಲಿಯವರೆಗೆ ಬೆಂಗಳೂರಿನಲ್ಲಿ ಸೆಕ್ಷನ್ 185ರ ಅಡಿ ಒಂದಕ್ಕಿಂತ ಹೆಚ್ಚು ಸಲ ಶಿಕ್ಷೆಯಾದವರು ಎಷ್ಟು ಮಂದಿ? ಅವರಲ್ಲಿ ಎಷ್ಟು ಮಂದಿಯ ಪರವಾನಗಿ ರದ್ದಾಗಿದೆ? ಮೊದಲ ಸಂಖ್ಯೆ ಇಲಾಖೆಯಲ್ಲಿ ಸಿಗದೇ ಹೋದರೆ ಅದನ್ನೂ ಹಾಗೆಯೇ ಸದನಕ್ಕೆ ತಿಳಿಸಿ, ಪೊಲೀಸರ ದಾಖಲೆಯನ್ನು ಸಾರಥಿಗೆ ಜೋಡಿಸುವ ಕೆಲಸಕ್ಕೆ ಒಂದು ಗಡುವು ಘೋಷಿಸಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ವಕೀಲೆ