ಸಂಕ ದಾಟುವ ಹೆಜ್ಜೆ

ಶಾಂಘೈ,
ಭಾನುವಾರ

ತೀರ್ಥರೂಪು ಅಪ್ಪಯ್ಯನವರಿಗೆ ಮಗಳ ನಮಸ್ಕಾರಗಳು.

ಬಚ್ಚಲಿನಲ್ಲಿ ಜಾರಿ ಬಿದ್ದ ಮೇಲೆ ನೀವು ತೋಟದ ಕಡೆ ಹೋಗುವುದನ್ನೇ ಬಿಟ್ಟಿದ್ದೀರಿ ಎಂದು ಅಮ್ಮ ಹೇಳಿದಳು. ಕಾಲಿನ ಊತ ಇಳಿದರೂ ಮನಸ್ಸಿನ ಅಂಜಿಕೆ ಇಳಿದಿಲ್ಲವಂತೆ. ಅದನ್ನು ಕೇಳಿದಾಗಿನಿಂದ, ನಾನಿಲ್ಲಿ ಕಲಿಯುತ್ತಿರುವ ತೈ ಚಿ ಎಂಬ ಚೀನೀಯರ ನಿಧಾನ ಚಲನೆಯ ವ್ಯಾಯಾಮದ ಬಗ್ಗೆ ನಿಮಗೆ ಬರೆಯಬೇಕು ಅನ್ನಿಸುತ್ತಿದೆ. ಫೋನಿನಲ್ಲಿ ಹೇಳಿದರೆ ನೀವು ಅರ್ಧಕ್ಕೇ ಅಮ್ಮನ ಕೈಗೆ ಕೊಟ್ಟುಬಿಡುತ್ತೀರಿ.

ಬೆಳಗಿನ ಹೊತ್ತು ಇಲ್ಲಿನ ಫುಶಿಂಗ್ ಉದ್ಯಾನದ ಮರಗಳ ಕೆಳಗೆ ನಿಮ್ಮ ವಯಸ್ಸಿನವರೇ ತುಂಬಿರುತ್ತಾರೆ. ನಮಗೆ ಕಲಿಸುವ ಅಜ್ಜಿ ಮೊದಲ ತಿಂಗಳು ಕೈ ಎತ್ತಲೂ ಬಿಡಲಿಲ್ಲ, ಬರೀ ನಡಿಗೆ. ಮಂಡಿಯನ್ನು ತುಸು ಸಡಿಲಿಸಿ ಮೈಭಾರವನ್ನೆಲ್ಲ ಎಡಗಾಲಿಗೆ ಬಿಡಬೇಕು. ಅದು ತುಂಬಿದ ಕಾಲು, ಬಲಗಾಲು ಬರಿದು. ಬರಿದಾದ ಕಾಲಿನ ಹಿಮ್ಮಡಿಯನ್ನು ಮೆಲ್ಲಗೆ ನೆಲಕ್ಕೆ ತಾಗಿಸಿ, ನೆಲ ಗಟ್ಟಿ ಎಂದು ತಿಳಿದ ಮೇಲಷ್ಟೇ ಭಾರವನ್ನು ಅತ್ತ ಹರಿಸಬೇಕು. ಜಾರಿದರೆ ಕಾಲನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಳ್ಳಬಹುದು, ಏಕೆಂದರೆ ಅದರ ಮೇಲೆ ಇನ್ನೂ ನಾವಿಲ್ಲ. ಇವರು ಇದನ್ನು ಬೆಕ್ಕಿನ ನಡಿಗೆ ಎನ್ನುತ್ತಾರೆ. ನನಗೆ ನೆನಪಾದದ್ದು ನಮ್ಮ ಹಳ್ಳದ ಸಂಕ. ಮಳೆಗಾಲದಲ್ಲಿ ಪಾಚಿಗಟ್ಟಿದ ಆ ಅಡಿಕೆ ದಬ್ಬೆಗಳ ಮೇಲೆ ನನ್ನ ಕೈ ಹಿಡಿದು, "ಮುಂದಿನ ಕಾಲು ಕಚ್ಚಿದ ಮೇಲೆ ಹಿಂದಿನದನ್ನು ಎತ್ತು" ಎಂದು ನೀವು ಹೇಳುತ್ತಿದ್ದಿರಲ್ಲ, ಅದೇ ಪಾಠ ಅಪ್ಪಯ್ಯ!

ಇಷ್ಟು ನಿಧಾನವಾದದ್ದು ಹುಟ್ಟಿದ್ದು ಕಾಳಗದ ವಿದ್ಯೆಯಾಗಿ. ವುಡಾಂಗ್ ಬೆಟ್ಟದ ಸನ್ಯಾಸಿ ಝಾಂಗ್ ಸನ್‌ಫೆಂಗ್ ಇದನ್ನು ಕಂಡುಕೊಂಡನೆಂಬುದು ಐತಿಹ್ಯ. ಇತಿಹಾಸ ಬೆರಳು ತೋರಿಸುವುದು ಹೆನಾನ್ ಪ್ರಾಂತ್ಯದ ಚೆನ್‌ಜಿಯಾಗೌ ಎಂಬ ಹಳ್ಳಿಯತ್ತ, 17ನೇ ಶತಮಾನದ ಚೆನ್ ವಾಂಗ್‌ಟಿಂಗ್ ಎಂಬ ಯೋಧನತ್ತ. ಆ ಮನೆತನದವನಲ್ಲದ ಯಾಂಗ್ ಲುಚಾನ್ 19ನೇ ಶತಮಾನದಲ್ಲಿ ಅಲ್ಲಿ ಕಲಿತು ಬೀಜಿಂಗ್‌ಗೆ ಒಯ್ದ. ಅವನ ಮೊಮ್ಮಗ ಯಾಂಗ್ ಚೆಂಗ್‌ಫು ಅದನ್ನು ಎಲ್ಲರ ಮೈಗೂ ಒಗ್ಗುವಂತೆ ನಿಧಾನಗೊಳಿಸಿದ. ನಾವು ಕಲಿಯುವ 24 ಭಂಗಿಗಳ ಪಾಠ 1956ರಲ್ಲಿ ಸರ್ಕಾರ ರೂಪಿಸಿದ್ದು.

ಬಲಕ್ಕೆ ಬಲ ಒಡ್ಡಬಾರದು ಎಂಬುದೇ ಇದರ ಜೀವಾಳ. ಒಮ್ಮೆ ಅಜ್ಜಿ ನನ್ನ ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ತಳ್ಳು ಎಂದರು. ತಳ್ಳಿದೆ. ಅವರು ಸೊಂಟವನ್ನು ನಾಲ್ಕು ಬೆರಳಿನಷ್ಟು ತಿರುಗಿಸಿದರು, ಅಷ್ಟೇ. ನಾನು ಮುಗ್ಗರಿಸಿ ಅವರ ಪಕ್ಕದಲ್ಲಿದ್ದೆ!

ಇದು ಬರೀ ನನ್ನ ಉತ್ಸಾಹದ ಮಾತಲ್ಲ. 2012ರಲ್ಲಿ ಅಮೆರಿಕದಲ್ಲಿ ಮೈ ನಡುಗಿಸಿ ನಡಿಗೆ ತಪ್ಪಿಸುವ ಪಾರ್ಕಿನ್ಸನ್ ಕಾಯಿಲೆಯ 195 ಮಂದಿ ರೋಗಿಗಳ ಮೇಲೆ ನಡೆದ ಅಧ್ಯಯನದ ವರದಿ ಬಂತು. ವಾರಕ್ಕೆ ಎರಡು ಸಲದಂತೆ 24 ವಾರ ತೈ ಚಿ ಮಾಡಿದವರ ಸಮತೋಲನ ಸುಧಾರಿಸಿತ್ತು. ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಅವರು ಬಿದ್ದದ್ದೂ ಕಡಿಮೆ.

ಡಾಕ್ಟರನ್ನು ಒಂದು ಮಾತು ಕೇಳಿ. ಅವರು ಒಪ್ಪಿದರೆ ಜಗಲಿಯ ಕಂಬ ಹಿಡಿದುಕೊಂಡು, ಅಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ದಿನಕ್ಕೆ ಹತ್ತೇ ಹೆಜ್ಜೆ ಹಾಕಿ. ಅಕ್ಟೋಬರ್ ಮೊದಲ ವಾರ ಇಲ್ಲಿ ರಜೆ, ಊರಿಗೆ ಬರುತ್ತೇನೆ. ಸಂಕ ದಾಟುವಾಗ ಈ ಸಲ ನಾನು ನಿಮ್ಮ ಕೈ ಹಿಡಿಯುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು