ಕ್ಯಾಮೆರಾದ ಜೊತೆಗೆ ಫರ್ಮ್‌ವೇರ್‌ನ ಲೆಕ್ಕವನ್ನೂ ಕೊಡಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಹೊಸ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಗಳ ಪರಿಚಯ ಬಂದಾಗಲೆಲ್ಲ ನಾನು ಅದನ್ನು ಆಸಕ್ತಿಯಿಂದ ಓದುತ್ತೇನೆ. ಸೆನ್ಸರ್ ಎಷ್ಟು ಮೆಗಾಪಿಕ್ಸೆಲ್‌ನದು, ಹೊರಕವಚ ಯಾವ ಲೋಹದ್ದು, ತೂಕವೆಷ್ಟು, ಬೆಲೆಯೆಷ್ಟು ಎಂಬ ವಿವರಗಳು ಅಲ್ಲಿ ತಪ್ಪದೆ ಇರುತ್ತವೆ. ಆದರೆ ಪರೀಕ್ಷಿಸಿದ ದಿನ ಆ ಕ್ಯಾಮೆರಾದೊಳಗೆ, ಅದನ್ನು ನಡೆಸುವ ತಂತ್ರಾಂಶವಾದ ಫರ್ಮ್‌ವೇರ್‌ನ ಯಾವ ಆವೃತ್ತಿ ಇತ್ತು, ಅದರಲ್ಲಿ ಬಗೆಹರಿಯದೆ ಉಳಿದ ದೋಷಗಳು ಯಾವುವು, ಅದೇ ತಯಾರಕರು ತಮ್ಮ ಹಿಂದಿನ ಮಾದರಿಗಳಿಗೆ ಎಷ್ಟು ವರ್ಷ ಅಪ್‌ಡೇಟ್ ಕೊಟ್ಟರು ಎಂಬುದು ಒಂದು ಸಾಲಿನಲ್ಲೂ ಕಾಣಿಸುವುದಿಲ್ಲ. ಹಲವು ವರ್ಷಗಳಿಂದ ಇಂಥ ಕ್ಯಾಮೆರಾಗಳನ್ನು ಬಳಸುತ್ತ ಬಂದಿರುವ ನನಗೆ ಇದು ಸಣ್ಣ ಕೊರತೆ ಎನಿಸುವುದಿಲ್ಲ. ಆದ್ದರಿಂದ ಈ ಪತ್ರ.

ರೇಂಜ್‌ಫೈಂಡರ್ ಎಂದರೆ ದೂರ ಅಳೆದು ಫೋಕಸ್ ಕೂಡಿಸುವ, ಮೂಲತಃ ಪೂರ್ತಿ ಯಾಂತ್ರಿಕವಾದ ವ್ಯವಸ್ಥೆ. ಕ್ಯಾಮೆರಾದ ಮುಂಭಾಗದ ಎರಡು ಕಿಟಕಿಗಳಿಂದ ಬರುವ ಬಿಂಬಗಳು, ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರಿನ ನಡುವಿನ ಪುಟ್ಟ ಚೌಕದಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರವನ್ನು ತಿರುಗಿಸಿದಂತೆ ಅದರ ಹಿಂಬದಿಯಲ್ಲಿ ಕ್ಯಾಮ್ ಎಂಬ ಲೋಹದ ಅಂಚು, ಕ್ಯಾಮೆರಾದೊಳಗಿನ ಒಂದು ಚಿಕ್ಕ ಗಾಲಿಯನ್ನು ಒತ್ತುತ್ತದೆ, ಬಿಂಬ ಸರಿಯುತ್ತದೆ, ಎರಡೂ ಒಂದಾದ ಕ್ಷಣದಲ್ಲಿ ಫೋಕಸ್ ಕೂಡಿರುತ್ತದೆ. ಲೆನ್ಸಿನ ಚಲನೆಗೆ ಜೋಡಿಸಿದ ಇಂಥ ರೇಂಜ್‌ಫೈಂಡರ್ 1932ರಲ್ಲಿ ಲೈಕಾ 2 ಮತ್ತು ಕಾಂಟ್ಯಾಕ್ಸ್ ಕ್ಯಾಮೆರಾಗಳಲ್ಲಿ ಬಂತು. ಲೈಕಾದ ಮಟ್ಟಿಗೆ 1954ರ ಎಂ3 ಅದನ್ನು ವ್ಯೂಫೈಂಡರಿನೊಳಗೇ ಸೇರಿಸಿತು. ಆ ಕ್ಯಾಮೆರಾಕ್ಕೆಂದು ಮಾಡಿದ ಲೆನ್ಸನ್ನು 2022ರ ಲೈಕಾ ಎಂ11ಕ್ಕೆ ಇಂದಿಗೂ ಹಾಗೆಯೇ ಸಿಕ್ಕಿಸಿ ಚಿತ್ರ ತೆಗೆಯಬಹುದು. ಇಷ್ಟು ದೀರ್ಘಕಾಲ ಒಂದೇ ಜೋಡಣೆಗೆ ಬದ್ಧವಾಗಿ ಉಳಿದ ಉಪಕರಣಗಳು ಬಹಳಿಲ್ಲ, ಮತ್ತು ಇದನ್ನು ಕೊಳ್ಳುವವರು ಕೊಳ್ಳುವುದೂ ಆ ನಂಬಿಕೆಯ ಮೇಲೆಯೇ. ಆದರೆ ಶಟರ್‌ನ ಹಿಂದೆ ಫಿಲ್ಮ್ ಇದ್ದ ಜಾಗಕ್ಕೆ ಸೆನ್ಸರ್ ಬಂದ ಮೇಲೆ ಆ ದೀರ್ಘಾಯುಷ್ಯದ ಅರ್ಧ ಪಾಲು ಕ್ಯಾಮೆರಾದೊಳಗಿನ ತಂತ್ರಾಂಶದ ಕೈಗೆ ಹೋಗಿದೆ. ಬೆಳಕನ್ನು ಅಳೆಯುವುದು, ಬಣ್ಣವನ್ನು ನಿರ್ಧರಿಸುವುದು, ಕಾರ್ಡಿಗೆ ಬರೆಯುವುದು, ನಿದ್ರಾವಸ್ಥೆಯಿಂದ ಎಚ್ಚರಗೊಳ್ಳುವುದು, ಇವೆಲ್ಲವೂ ಈಗ ಫರ್ಮ್‌ವೇರ್‌ನ ಕೆಲಸ.

ಮೊದಲ ಡಿಜಿಟಲ್ ರೇಂಜ್‌ಫೈಂಡರ್ ಎನಿಸಿದ ಎಪ್ಸನ್ ಆರ್‌-ಡಿ1 2004ರಲ್ಲಿ ಬಂದಾಗ ಅದು 6 ಮೆಗಾಪಿಕ್ಸೆಲ್‌ನ ಕ್ಯಾಮೆರಾ. ಡಿಜಿಟಲ್ ಆಗಿದ್ದರೂ ಪ್ರತಿ ಚಿತ್ರಕ್ಕೂ ಹಳೆಯ ಕ್ಯಾಮೆರಾಗಳಂತೆ ಸನ್ನೆಕೋಲನ್ನು ಎಳೆದು ಶಟರ್ ಸಿದ್ಧಗೊಳಿಸಬೇಕಿತ್ತು. ಮುಂದೆ ಅದೇ ಕ್ಯಾಮೆರಾದ ಆರ್‌-ಡಿ1ಎಸ್ ಎಂಬ ಮಾದರಿ ಬಂದಾಗ, ಅದರ ಹೊಸ ಸೌಲಭ್ಯಗಳನ್ನು ಮೊದಲ ಮಾದರಿಯವರಿಗೂ ಫರ್ಮ್‌ವೇರ್ ಮೂಲಕ ಒದಗಿಸಲಾಯಿತು. ಹಣ ಕೊಟ್ಟು ಮೊದಲು ಕೊಂಡವರನ್ನು ಹಿಂದೆ ಬಿಡಬಾರದು ಎಂಬ ಆ ನಡವಳಿಕೆಯನ್ನು ನಾನು ಈಗಲೂ ಗೌರವದಿಂದ ನೆನೆಯುತ್ತೇನೆ.

ಫರ್ಮ್‌ವೇರ್ ಏನನ್ನು ಸರಿಪಡಿಸಬಲ್ಲದು, ಏನನ್ನು ಸರಿಪಡಿಸಲಾರದು ಎಂಬುದನ್ನು ತಿಳಿಯಲು 2006ರ ಲೈಕಾ ಎಂ8ಕ್ಕಿಂತ ಒಳ್ಳೆಯ ಪಾಠವಿಲ್ಲ. ರೇಂಜ್‌ಫೈಂಡರ್ ಲೆನ್ಸುಗಳ ಹಿಂಬದಿಯ ಗಾಜು ಸೆನ್ಸರಿಗೆ ತೀರ ಹತ್ತಿರ ಇರುವುದರಿಂದ ಅಂಚುಗಳಲ್ಲಿ ಬೆಳಕು ಬಹಳ ಓರೆಯಾಗಿ ಬೀಳುತ್ತದೆ. ಸೆನ್ಸರಿನ ಮುಂದೆ ದಪ್ಪ ಗಾಜನ್ನು ಇಟ್ಟರೆ ಆ ಓರೆ ಬೆಳಕು ಮತ್ತಷ್ಟು ಕೆಡುತ್ತದೆಂದು ತಯಾರಕರು ತೆಳುವಾದ ಗಾಜನ್ನೇ ಆರಿಸಿದರು. ಅದು ಅವಗೆಂಪು ಕಿರಣಗಳನ್ನು ಸಾಕಷ್ಟು ತಡೆಯಲಿಲ್ಲ. ಪರಿಣಾಮವಾಗಿ ಕೆಲವು ಕೃತಕ ನೂಲಿನ ಕಪ್ಪು ಬಟ್ಟೆಗಳು ಚಿತ್ರದಲ್ಲಿ ನೇರಳೆ ಬಣ್ಣಕ್ಕೆ ತಿರುಗಿ ಕಂಡವು. ಕಂಪನಿ ತಪ್ಪನ್ನು ಒಪ್ಪಿಕೊಂಡು ಪ್ರತಿ ಕ್ಯಾಮೆರಾದ ಒಡೆಯರಿಗೂ ಲೆನ್ಸಿನ ಮುಂದೆ ಹಾಕುವ 2 ಫಿಲ್ಟರುಗಳನ್ನು ಉಚಿತವಾಗಿ ಕೊಟ್ಟಿತು. ಆದರೆ ಅಗಲ ನೋಟದ ಲೆನ್ಸುಗಳಿಗೆ ಆ ಫಿಲ್ಟರ್ ಹಾಕಿದೊಡನೆ ಚಿತ್ರದ ಮೂಲೆಗಳು ಹಸಿರು-ನೀಲಿ ಛಾಯೆಗೆ ತಿರುಗತೊಡಗಿದವು. ಈ ಎರಡನೆಯ ದೋಷವನ್ನು ಸರಿಪಡಿಸಿದ್ದು ಫರ್ಮ್‌ವೇರ್. ಲೆನ್ಸಿನ ಹಿಂಬದಿಯ ಲೋಹದ ಬಳೆಯಲ್ಲಿ ಕಪ್ಪು-ಬಿಳಿ ಬಣ್ಣ ತುಂಬಿದ 6 ಗುರುತುಗಳಿರುತ್ತವೆ. ಕ್ಯಾಮೆರಾ ಅವನ್ನು ಓದಿ ಲೆನ್ಸ್ ಯಾವುದೆಂದು ಗುರುತಿಸುತ್ತದೆ, ಮೂಲೆಗಳಲ್ಲಿ ಎಷ್ಟು ತಿದ್ದುಪಡಿ ಬೇಕೆಂದು ಲೆಕ್ಕ ಹಾಕುತ್ತದೆ. ಅಂದರೆ ಮೂಲ ದೋಷಕ್ಕೆ ಮದ್ದು ಗಾಜು, ಆ ಮದ್ದಿನ ಅಡ್ಡಪರಿಣಾಮಕ್ಕೆ ಮದ್ದು ಫರ್ಮ್‌ವೇರ್.

ಯಾವ ಲೆನ್ಸಿಗೆ ಎಷ್ಟು ತಿದ್ದುಪಡಿ ಎಂಬ ಆ ಪಟ್ಟಿ ಇಂದಿಗೂ ಮುಖ್ಯ. ಗುರುತುಗಳಿಲ್ಲದ ಹಳೆಯ ಲೆನ್ಸನ್ನು ಬಳಸುವವರು ಲೈಕಾ ಎಂ9ರಿಂದ ಮುಂದಕ್ಕೆ ಮೆನುವಿನಲ್ಲಿ ತಮ್ಮ ಲೆನ್ಸಿನ ಹೆಸರನ್ನು ತಾವೇ ಆರಿಸಿಕೊಳ್ಳಬಹುದು. ಆದರೆ ಆ ಪಟ್ಟಿಯಲ್ಲಿರುವುದು ಕಂಪನಿಯ ಸ್ವಂತ ಲೆನ್ಸುಗಳು ಮಾತ್ರ. ಫೋಕ್ಟ್‌ಲೆಂಡರ್ ಅಥವಾ ಜೈಸ್ ಲೆನ್ಸುಗಳನ್ನು ಇಟ್ಟುಕೊಂಡಿರುವ ನನ್ನಂಥವರು ಹೆಚ್ಚುಕಡಿಮೆ ಹೊಂದುವ ಇನ್ನೊಂದು ಹೆಸರನ್ನು ಆರಿಸಿ ತೃಪ್ತಿಪಡಬೇಕಾಗುತ್ತದೆ. ಒಂದು ಅಪ್‌ಡೇಟ್‌ನಲ್ಲಿ ಆ ತಿದ್ದುಪಡಿಯ ಪ್ರಮಾಣ ಸದ್ದಿಲ್ಲದೆ ಬದಲಾದರೆ ನಮ್ಮ ಹಳೆಯ ಚಿತ್ರಗಳ ಮೂಲೆಗಳಿಗೂ ಹೊಸ ಚಿತ್ರಗಳ ಮೂಲೆಗಳಿಗೂ ತಾಳೆಯಾಗುವುದಿಲ್ಲ. ಒಂದೇ ವಿಷಯದ ಮೇಲೆ ವರ್ಷಗಟ್ಟಲೆ ಚಿತ್ರಮಾಲೆ ಮಾಡುವವರಿಗೆ ಇದು ಎಷ್ಟು ದೊಡ್ಡ ತೊಡಕೆಂಬುದನ್ನು ತಯಾರಕರು ಯೋಚಿಸಿದಂತೆ ತೋರುವುದಿಲ್ಲ.

ಇನ್ನು ಫರ್ಮ್‌ವೇರ್‌ನ ಕೈಗೆ ಎಟುಕದ ದೋಷಗಳೂ ಇವೆ. 2009ರ ಎಂ9 ಕ್ಯಾಮೆರಾದ ಸೆನ್ಸರಿನ ಮೇಲಿನ ಗಾಜು ತೇವಾಂಶದಿಂದ ಕ್ರಮೇಣ ಸವೆದು, ಲೆನ್ಸಿನೊಳಗೆ ಬೆಳಕು ಬರುವ ರಂಧ್ರವಾದ ಅಪರ್ಚರನ್ನು ಕಿರಿದಾಗಿಸಿದಾಗ ಚಿತ್ರದಲ್ಲಿ ಚುಕ್ಕೆಗಳಾಗಿ ಕಾಣಿಸತೊಡಗಿತು. ಯಾವ ಅಪ್‌ಡೇಟೂ ಅದನ್ನು ಗುಣಪಡಿಸುವಂತಿರಲಿಲ್ಲ, ಸೆನ್ಸರನ್ನೇ ಬದಲಿಸಿಕೊಡಬೇಕಾಯಿತು. ರೇಂಜ್‌ಫೈಂಡರಿನ ಹೊಂದಾಣಿಕೆಯೂ ಇಂಥದ್ದೇ. ಎಂ10ರಂಥ ಕ್ಯಾಮೆರಾದಲ್ಲಿ ಎರಡು ಕಿಟಕಿಗಳ ನಡುವಿನ ಅಂತರ ಸುಮಾರು 69 ಮಿಲಿಮೀಟರ್. ವ್ಯೂಫೈಂಡರ್ ದೃಶ್ಯವನ್ನು 0.73 ಪಟ್ಟು ಗಾತ್ರಕ್ಕೆ ಇಳಿಸಿ ತೋರಿಸುವುದರಿಂದ ಪರಿಣಾಮದಲ್ಲಿ ಅದು 50 ಮಿಲಿಮೀಟರ್‌ಗಿಂತ ತುಸು ಹೆಚ್ಚಷ್ಟೆ. ಇಷ್ಟು ಚಿಕ್ಕ ಅಳತೆಯ ಮೇಲೆ ನಿಂತ ವ್ಯವಸ್ಥೆಯಲ್ಲಿ ಗಾಲಿಯ ಸ್ಥಾನ ಕೂದಲೆಳೆಯಷ್ಟು ಜರುಗಿದರೂ, ಅಪರ್ಚರನ್ನು ಪೂರ್ತಿ ತೆರೆದು ತೆಗೆದ ಭಾವಚಿತ್ರದಲ್ಲಿ ಕಣ್ಣಿನ ಬದಲು ಕಿವಿಯ ಮೇಲೆ ಫೋಕಸ್ ಕೂರುತ್ತದೆ. ಫಿಲ್ಮಿನ ಕಾಲದಲ್ಲಿ ಈ ತಪ್ಪು ಬಹುಮಟ್ಟಿಗೆ ಕಣ್ಣಿಗೆ ಬೀಳುತ್ತಿರಲಿಲ್ಲ; 60 ಮೆಗಾಪಿಕ್ಸೆಲ್‌ನ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡುವ ಈ ದಿನಗಳಲ್ಲಿ ಅಡಗಲು ಅದಕ್ಕೆ ಜಾಗವಿಲ್ಲ. ಅಪ್‌ಡೇಟ್ ಹಾಕಿದ ಮೇಲೆ ಫೋಕಸ್ ಸರಿಹೋಯಿತು ಎಂದು ಕೆಲವರು ಸಂತೋಷದಿಂದ ಹೇಳುವುದನ್ನು ಕೇಳಿದ್ದೇನೆ. ರೇಂಜ್‌ಫೈಂಡರಿನ ಮಟ್ಟಿಗೆ ಅದು ಸಾಧ್ಯವಿಲ್ಲ. ಆ ಕೆಲಸಕ್ಕೆ ತಿರುಪುಳಿ ಹಿಡಿಯಬಲ್ಲ ಅನುಭವಿ ದುರಸ್ತಿಗಾರರೇ ಬೇಕು. ಇದನ್ನು ಓದುಗರಿಗೆ ತಿಳಿಸುವ ಹೊಣೆ ಪತ್ರಿಕೆಗಳದ್ದೂ ಹೌದೆಂದು ನನ್ನ ನಂಬಿಕೆ.

ನನ್ನ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳಬೇಕು. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಈ ರೂಢಿ ಒಬ್ಬರದಲ್ಲ. ನಾನು ಬಳಸುತ್ತಿದ್ದ ಡಿಜಿಟಲ್ ರೇಂಜ್‌ಫೈಂಡರಿಗೆ ಒಂದು ಅಪ್‌ಡೇಟ್ ಬಂತು, ಹಾಕಿಕೊಂಡೆ. ಕೆಲವು ದಿನಗಳ ಬಳಿಕ ಒಬ್ಬ ಹಿರಿಯ ಸಂಗೀತಗಾರರ ಭಾವಚಿತ್ರ ತೆಗೆಯಲು ಹೋಗಿದ್ದೆ. ಅವರು ಮಾತಿನ ನಡುವೆ ತಮ್ಮ ಗುರುವನ್ನು ನೆನೆದು ಕಣ್ಣು ಮುಚ್ಚಿದ ಹೊತ್ತಿನಲ್ಲಿ ಗುಂಡಿ ಒತ್ತಿದರೆ ಕ್ಯಾಮೆರಾ ಅಲುಗಾಡಲಿಲ್ಲ. ಕೆಂಪು ದೀಪ ಉರಿಯುತ್ತಲೇ ಇತ್ತು. ಸ್ವಿಚ್ ಆರಿಸಿದರೂ ಆರಲಿಲ್ಲ. ಬ್ಯಾಟರಿ ತೆಗೆದು ಮತ್ತೆ ಹಾಕುವ ವೇಳೆಗೆ ಅವರು ಕಣ್ಣು ತೆರೆದು ನೀರು ಕೇಳುತ್ತಿದ್ದರು. ಅದೇ ದಿನ ಇನ್ನೂ ಎರಡು ಬಾರಿ ಹೀಗಾಯಿತು. ಹಿಂದಿನ ಆವೃತ್ತಿಗೆ ಮರಳೋಣವೆಂದರೆ ಆ ಫೈಲನ್ನು ತಯಾರಕರು ಜಾಲತಾಣದಿಂದ ತೆಗೆದುಬಿಟ್ಟಿದ್ದರು. ನಾಲ್ಕು ತಿಂಗಳ ನಂತರ ಮುಂದಿನ ಅಪ್‌ಡೇಟ್ ಬಂದಾಗ ಅದರ ಜೊತೆಗಿದ್ದ ಟಿಪ್ಪಣಿ ಒಂದೇ ಸಾಲಿನದು: ಸಣ್ಣಪುಟ್ಟ ದೋಷಗಳನ್ನು ನಿವಾರಿಸಲಾಗಿದೆ. ನನ್ನ ಕ್ಯಾಮೆರಾ ಕೈಕೊಟ್ಟ ದೋಷ ಆ ಸಣ್ಣಪುಟ್ಟವುಗಳಲ್ಲಿ ಒಂದೋ ಅಲ್ಲವೋ ಎಂದು ತಿಳಿಯಲು ವಾರಗಟ್ಟಲೆ ಬಳಸಿ ನೋಡುವುದಲ್ಲದೆ ಬೇರೆ ದಾರಿಯೇ ಇರಲಿಲ್ಲ.

ಸಾವಿರಾರು ಜನರ ಕೈಗೆ ಹೋದ ಮೇಲಷ್ಟೇ ಕೆಲವು ದೋಷಗಳು ಹೊರಬೀಳುತ್ತವೆ ಎಂದು ತಯಾರಕರು ಹೇಳುತ್ತಾರೆ, ಅದರಲ್ಲಿ ಸತ್ಯವಿದೆ. ಕಾರ್ಡುಗಳು ನೂರು ಬಗೆಯವು, ಹವಾಮಾನ ನೂರು ಬಗೆಯದು, ಬಳಸುವವರ ಅಭ್ಯಾಸಗಳೂ ಹಾಗೆಯೇ, ಎಲ್ಲವನ್ನೂ ಪ್ರಯೋಗಶಾಲೆಯಲ್ಲಿ ಮುಂಗಾಣಲಾಗದು. ನನ್ನ ತಕರಾರು ದೋಷ ಇರುವುದರ ಬಗ್ಗೆ ಅಲ್ಲ, ಅದನ್ನು ಮರೆಮಾಚುವುದರ ಬಗ್ಗೆ. ನೋಟಕ್ಕೆ ರೇಂಜ್‌ಫೈಂಡರಿನಂತಿದ್ದು ಒಳಗೆ ಬೇರೆಯೇ ವಿಧಾನದಲ್ಲಿ ಫೋಕಸ್ ಮಾಡುವ ಫ್ಯೂಜಿಫಿಲ್ಮ್ ಎಕ್ಸ್100 ಕ್ಯಾಮೆರಾದ ವಿಷಯದಲ್ಲಿ ಏನಾಯಿತೆಂದು ನೋಡಿ. ಅದರ ಉತ್ತರಾಧಿಕಾರಿ 2013ರ ಆರಂಭದಲ್ಲೇ ಮಾರುಕಟ್ಟೆಗೆ ಬಂದಿದ್ದರೂ, ಹಳೆಯ ಮಾದರಿಗೆ ಅದೇ ವರ್ಷದ ಅಕ್ಟೋಬರಿನಲ್ಲಿ 2.00 ಆವೃತ್ತಿಯನ್ನು ಕೊಡಲಾಯಿತು. ಫೋಕಸ್ ವೇಗವಾಯಿತು, ಫೋಕಸ್ ಕೂಡಿದ ಅಂಚುಗಳನ್ನು ಎತ್ತಿ ತೋರಿಸುವ ಸೌಲಭ್ಯ ಸೇರಿತು, ಏನೇನು ಬದಲಾಯಿತೆಂಬುದನ್ನೂ ಬಿಡಿಸಿ ಹೇಳಲಾಯಿತು. ಮನಸ್ಸಿದ್ದರೆ ಆಗುವ ಕೆಲಸವಿದು. ಯುರೋಪಿನ ಒಕ್ಕೂಟದಲ್ಲಂತೂ 2019ರ 771ನೆಯ ನಿರ್ದೇಶನದ ಪ್ರಕಾರ, 2022ರ ಜನವರಿ 1ರಿಂದ, ತಂತ್ರಾಂಶವಿರುವ ಸರಕನ್ನು ಸುಸ್ಥಿತಿಯಲ್ಲಿಡಲು ಬೇಕಾದ ಅಪ್‌ಡೇಟ್‌ಗಳು ಗ್ರಾಹಕರಿಗೆ ಸಿಗುವಂತೆ ನೋಡಿಕೊಳ್ಳುವುದು ಮಾರಾಟಗಾರರ ಕರ್ತವ್ಯವೇ ಆಗಿದೆ.

ಇತ್ತೀಚಿನ ಕ್ಯಾಮೆರಾಗಳಲ್ಲಿ ಈ ಅವಲಂಬನೆ ಮತ್ತೂ ಹೆಚ್ಚಿದೆ. ಫ್ರಾನ್ಸಿನ ಬೆಸಾನ್‌ಸೋನ್‌ನಲ್ಲಿ ತಯಾರಾಗುವ ಪಿಕ್ಸಿ ಕ್ಯಾಮೆರಾದಲ್ಲಿ ಹಿಂಬದಿಯ ಪರದೆಯೂ ಇಲ್ಲ, ಕಾರ್ಡ್ ಹಾಕುವ ಕಿಂಡಿಯೂ ಇಲ್ಲ. ಚಿತ್ರಗಳು ಒಳಗಿನ ಮೆಮೊರಿಯಲ್ಲೇ ಉಳಿಯುತ್ತವೆ, ಅವನ್ನು ಫೋನಿನಲ್ಲಿ ನೋಡಬೇಕು. ರೇಂಜ್‌ಫೈಂಡರಿನ ಸರಳತೆಯನ್ನು ಇಷ್ಟಪಡುವ ನನಗೆ ಆ ವಿನ್ಯಾಸ ಬಹಳ ಹಿಡಿಸುತ್ತದೆ. ಆದರೆ ಫೋನಿನ ತಂತ್ರಾಂಶ ವರ್ಷಕ್ಕೊಮ್ಮೆ ಬದಲಾಗುತ್ತದೆ. ಇಂಥ ಕ್ಯಾಮೆರಾದ ಆ್ಯಪ್ ಅದಕ್ಕೆ ತಕ್ಕಂತೆ 15 ವರ್ಷ ಬದಲಾಗುತ್ತ ಹೋಗುತ್ತದೆಯೇ ಎಂಬ ಪ್ರಶ್ನೆಯನ್ನು ಪರಿಚಯ ಬರೆಯುವವರು ತಯಾರಕರ ಮುಂದಿಡಲೇಬೇಕು. ಲೈಕಾ ಎಂ11ರಲ್ಲಿ ಬೆಳಕನ್ನು ಅಳೆಯುವುದೂ ಸೆನ್ಸರಿನ ಮೂಲಕವೇ; ಅಲ್ಲಿಯೂ ಹಿಂದಿಗಿಂತ ಹೆಚ್ಚಿನ ಕೆಲಸ ತಂತ್ರಾಂಶದ ಹೆಗಲಿಗೆ ಬಿದ್ದಿದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಕ್ಯಾಮೆರಾ ಪರಿಚಯದ ಪ್ರತಿ ಬರಹದಲ್ಲೂ ಫರ್ಮ್‌ವೇರ್‌ನ ಆವೃತ್ತಿಯ ಸಂಖ್ಯೆಯನ್ನು ನಮೂದಿಸಿ. ಅಪ್‌ಡೇಟ್‌ನಿಂದ ಸರಿಹೋಗಲಿದೆ ಎಂದು ತಯಾರಕರು ಹೇಳಿದ ದೋಷವನ್ನು ಸರಿಹೋದಂತೆಯೇ ಎಣಿಸಿ ಅಂಕ ಕೊಡಬೇಡಿ. ಮಾರಾಟದ ದಿನ ಕ್ಯಾಮೆರಾ ಹೇಗಿದೆಯೋ ಹಾಗೆಯೇ ಬರೆಯಿರಿ, ಮತ್ತು 6 ತಿಂಗಳ ನಂತರ ಒಂದು ಪುಟ್ಟ ಮರುಪರಿಚಯಕ್ಕೆ ಜಾಗ ಮಾಡಿಕೊಡಿ. ಹಳೆಯ ಆವೃತ್ತಿಗಳನ್ನು ಜಾಲತಾಣದಲ್ಲಿ ಉಳಿಸಿದ್ದಾರೆಯೇ, ಬದಲಾವಣೆಗಳ ಪೂರ್ತಿ ಪಟ್ಟಿ ಕೊಡುತ್ತಾರೆಯೇ ಎಂದು ತಯಾರಕರನ್ನು ಕೇಳಿ, ಉತ್ತರ ಬಾರದಿದ್ದರೆ ಬರಲಿಲ್ಲವೆಂದೂ ಬರೆಯಿರಿ.

ಓದುಗರಲ್ಲಿ ಇಂಥ ಕ್ಯಾಮೆರಾ ಇರುವವರಿಗೂ ಎರಡು ಮಾತು. ಮುಖ್ಯವಾದ ಕೆಲಸವೊಂದರ ಹಿಂದಿನ ರಾತ್ರಿ ಅಪ್‌ಡೇಟ್ ಹಾಕಬೇಡಿ. ಬ್ಯಾಟರಿ ಪೂರ್ತಿ ತುಂಬಿರಲಿ, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿರಿ, ನಡುವೆ ಸ್ವಿಚ್ ಮುಟ್ಟಬೇಡಿ, ನಿಮ್ಮ ಸೆಟ್ಟಿಂಗ್‌ಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಅಪ್‌ಡೇಟ್‌ಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಸಮನಾಗಿ ಬೆಳಕು ಬಿದ್ದ ಬಿಳಿ ಗೋಡೆಯನ್ನು ಅದೇ ಲೆನ್ಸಿನಿಂದ, ಅದೇ ಅಪರ್ಚರಿನಲ್ಲಿ ತೆಗೆದಿಟ್ಟುಕೊಂಡರೆ ಮೂಲೆಗಳ ಬಣ್ಣದಲ್ಲಿ ಏನಾದರೂ ಬದಲಾಗಿದ್ದರೆ ಕೂಡಲೇ ತಿಳಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಇಳಿಸಿಕೊಂಡ ಪ್ರತಿಯೊಂದು ಫೈಲನ್ನೂ ದಿನಾಂಕ ಹಾಕಿ ಕಾಪಾಡಿಕೊಳ್ಳಿ. ಆ ಸಂಗೀತಗಾರರ ಚಿತ್ರ ಕೈತಪ್ಪಿದ ದಿನದಿಂದ ನಾನು ಹಾಗೆ ಮಾಡುತ್ತ ಬಂದಿದ್ದೇನೆ. ಅದೇ ಮಾದರಿಯ ಕ್ಯಾಮೆರಾ ಇಟ್ಟುಕೊಂಡು ಹಳೆಯ ಆವೃತ್ತಿಗೆ ಹುಡುಕಾಡಿದ ಮೂವರು ಪರಿಚಿತರಿಗೆ ಈವರೆಗೆ ಆ ಫೈಲುಗಳು ನನ್ನ ಕಂಪ್ಯೂಟರಿನಿಂದ ಹೋಗಿವೆ. ಅವು ತಯಾರಕರ ಜಾಲತಾಣದಿಂದ ಹೋಗಬೇಕಿತ್ತು.

ಇಂತಿ ತಮ್ಮ ವಿಶ್ವಾಸಿ,
ಹವ್ಯಾಸಿ ಛಾಯಾಗ್ರಾಹಕ