ಒಳನಾಡಿನ ದೋಣಿಗಳಿಗೂ ಸರಿಯಾದ ಸರ್ವೆ ನಡೆಯಲಿ

ಮಾನ್ಯ ಸಂಪಾದಕರೇ,

ವಾಣಿವಿಲಾಸ ಸಾಗರ ಜಲಾಶಯವು 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಹರಿದಾಗ ಹಿರಿಯೂರು, ಹೊಸದುರ್ಗ ತಾಲ್ಲೂಕುಗಳ ರೈತರಂತೆಯೇ ಹಿನ್ನೀರಿನ ಮೀನುಗಾರರೂ ಸಂತೋಷಪಟ್ಟರು. ಈ ನೀರನ್ನು ನಂಬಿ ಸಾಲ ಮಾಡಿ ಫೈಬರ್ ದೋಣಿ, ಎಂಜಿನ್ ಕೊಂಡವರು ನಮ್ಮಲ್ಲಿದ್ದಾರೆ. ಅವರ ಪೈಕಿ ಕೆಲವರು ವಿಮೆಯನ್ನೂ ಮಾಡಿಸಿದ್ದಾರೆ. ಆದರೆ ವಿಮೆ ಮಾಡುವ ಮುನ್ನ ದೋಣಿಯನ್ನು ತಿಳಿದವರು ಬಂದು ಪರೀಕ್ಷಿಸಿ ಬೆಲೆ ಕಟ್ಟುವ ಕೆಲಸ, ಅಂದರೆ ಸರ್ವೆ, ನಮ್ಮ ಭಾಗದಲ್ಲಿ ನಡೆಯುವುದು ತೀರ ಅಪರೂಪ. ಖರೀದಿಯ ಬಿಲ್ಲು ಮತ್ತು ಮೊಬೈಲಿನಲ್ಲಿ ತೆಗೆದ ಎರಡು ಚಿತ್ರಗಳ ಮೇಲೆ ಪಾಲಿಸಿ ಬರೆಯಲಾಗುತ್ತದೆ, ತಕರಾರು ಹುಟ್ಟುವುದು ದೋಣಿ ಒಡೆದ ಮೇಲೆ.

ಸರ್ವೆ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕೆಲಸಗಳು ನಡೆಯುವುದರಿಂದ ಗೊಂದಲ ಹೆಚ್ಚಾಗಿದೆ. 2021ರ ಒಳನಾಡು ಹಡಗುಗಳ ಕಾಯ್ದೆಯ ಅಡಿಯಲ್ಲಿ ನಡೆಯುವ ಸರ್ವೆಯು ಯಂತ್ರಚಾಲಿತ ದೋಣಿ ನೀರಿನಲ್ಲಿ ಸಂಚರಿಸಲು ಯೋಗ್ಯವೇ ಎಂಬುದನ್ನು ನೋಡುತ್ತದೆಯೇ ಹೊರತು ಅದರ ಬೆಲೆಯನ್ನು ಹೇಳುವುದಿಲ್ಲ. ಅಪಘಾತವಾದ ಮೇಲೆ ವಿಮಾ ಕಂಪನಿ ಕಳುಹಿಸುವ ಸರ್ವೇಯರ್ ನಷ್ಟವನ್ನು ಅಳೆಯುತ್ತಾರೆ. ಇವೆರಡರ ನಡುವೆ ಇರಬೇಕಾದದ್ದು ಪಾಲಿಸಿ ಬರೆಯುವ ಮುನ್ನ ನಡೆಯುವ, ದೋಣಿಯ ಸ್ಥಿತಿ ಮತ್ತು ಮೌಲ್ಯದ ಸರ್ವೆ. ನಮಗೆ ಸಿಗದಿರುವುದು ಇದೇ.

ಈ ಸರ್ವೆಯನ್ನು ದೋಣಿ ನೀರಿನಲ್ಲಿ ತೇಲುತ್ತಿರುವಾಗ ಮಾಡಲು ಬರುವುದಿಲ್ಲ. ದಡಕ್ಕೆ ಎಳೆದು, ತೊಳೆದು, ಒಣಗಿಸಿ, ತಳವನ್ನು ಅಂಗುಲ ಅಂಗುಲವಾಗಿ ನೋಡಬೇಕು. ಅನುಭವವುಳ್ಳ ಸರ್ವೇಯರ್ ಚಿಕ್ಕ ಸುತ್ತಿಗೆಯಿಂದ ಫೈಬರನ್ನು ತಟ್ಟುತ್ತಾ ಹೋಗುತ್ತಾರೆ. ಗಟ್ಟಿಯಿರುವ ಕಡೆ ಸ್ಪಷ್ಟವಾಗಿ ಬರುವ ಸದ್ದು, ಪದರಗಳು ಬಿಟ್ಟುಕೊಂಡ ಕಡೆ ಮಂಕಾಗುತ್ತದೆ. ತೇವ ಅಳೆಯುವ ಉಪಕರಣದಿಂದ ಒಳಗೆ ನೀರು ಸೇರಿದೆಯೇ ಎಂದು ನೋಡುತ್ತಾರೆ. ಎಂಜಿನ್ ಕೂರುವ ಹಿಂಬದಿಯ ಹಲಗೆಯನ್ನು ವಿಶೇಷವಾಗಿ ಪರೀಕ್ಷಿಸುತ್ತಾರೆ, ಏಕೆಂದರೆ ಫೈಬರಿನ ಒಳಗಿರುವ ಪ್ಲೈವುಡ್ ಬೋಲ್ಟಿನ ತೂತುಗಳ ಮೂಲಕ ನೀರು ಕುಡಿದು ಹೊರಗೆ ಕಾಣದಂತೆ ಕೊಳೆಯುತ್ತದೆ. ಸಿಹಿನೀರಿನಲ್ಲಿರುವ ದೋಣಿಗೆ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಉಪ್ಪಿನಿಂದ ಕಬ್ಬಿಣ ತುಕ್ಕು ಹಿಡಿಯುವುದು ಇಲ್ಲಿ ಕಡಿಮೆ, ನಿಜ; ಆದರೆ ಫೈಬರಿನ ಪದರದೊಳಕ್ಕೆ ನೀರು ಇಳಿದು ಗುಳ್ಳೆ ಏಳುವ ತೊಂದರೆ ಸಮುದ್ರದ ನೀರಿಗಿಂತ ಸಿಹಿನೀರಿನಲ್ಲೇ ಹೆಚ್ಚು. ಇದರ ಮೇಲೆ ಬರಗಾಲದ ವರ್ಷಗಳಲ್ಲಿ ನಮ್ಮ ದೋಣಿಗಳು ದಡದಲ್ಲಿ ಬಿಸಿಲಿಗೆ ಒಣಗುತ್ತವೆ. ನೀರು ಇಳಿದಾಗ ಮುಳುಗಿದ್ದ ಬಂಡೆ, ಮರದ ಬೊಡ್ಡೆಗಳು ತಳವನ್ನು ಸೀಳುತ್ತವೆ. ಮಂಗಳೂರು, ಮಲ್ಪೆಯ ದೋಣಿಗಳ ಸವಕಳಿಯ ಲೆಕ್ಕವನ್ನು ಹಾಗೆಯೇ ತಂದು ಇಲ್ಲಿ ಹಾಕುವುದು ಆದ್ದರಿಂದ ನ್ಯಾಯವಲ್ಲ.

ಬೆಲೆಯ ವಿಚಾರದಲ್ಲಿ ಮೀನುಗಾರರು ಎಚ್ಚರ ವಹಿಸಲೇಬೇಕು. ಪ್ರೀಮಿಯಂ ಉಳಿಸಲೆಂದು 2 ಲಕ್ಷ ರೂಪಾಯಿ ಬಾಳುವ ದೋಣಿಗೆ 1 ಲಕ್ಷಕ್ಕೆ ವಿಮೆ ಮಾಡಿಸಿದರೆ, ಮುಂದೆ 40 ಸಾವಿರದ ದುರಸ್ತಿ ಬಂದಾಗ 20 ಸಾವಿರ ಮಾತ್ರ ಕೈಗೆ ಬರಬಹುದು; ಉಳಿದ ಅರ್ಧಕ್ಕೆ ಮಾಲೀಕನೇ ಹೊಣೆ ಎಂಬುದು ವಿಮೆಯ ಹಳೆಯ ಲೆಕ್ಕಾಚಾರ. ಬೆಲೆ ಹೆಚ್ಚು ಬರೆಸಿದರೂ ಲಾಭವಿಲ್ಲ: ಮಾರುಕಟ್ಟೆ ಬೆಲೆಯನ್ನಷ್ಟೇ ಕೊಡುವ ಪಾಲಿಸಿಯಾದರೆ ಪ್ರೀಮಿಯಂ ಹೆಚ್ಚು ಕಟ್ಟಿದ್ದಷ್ಟೇ ಉಳಿಯುತ್ತದೆ. ಎರಡೂ ಕಡೆಯವರು ಮೊದಲೇ ಒಪ್ಪಿ ಬರೆದ ಮೌಲ್ಯದ ಪಾಲಿಸಿಯಲ್ಲಿ, ವಂಚನೆ ನಡೆದಿರದಿದ್ದರೆ, ದೋಣಿ ಪೂರ್ತಿ ಹೋದಾಗ ಬೆಲೆಯ ಚರ್ಚೆಗೆ ಎಡೆ ಇರುವುದಿಲ್ಲ. ಅಂಥ ಒಪ್ಪಂದಕ್ಕೆ ಆಧಾರವಾಗಬಲ್ಲದ್ದು ಸರಿಯಾದ ಸರ್ವೆ ವರದಿ ಮಾತ್ರ. ದೋಣಿಯ ಅಳತೆ, ಕಟ್ಟಿದ ವರ್ಷ, ಎಂಜಿನ್ ಸಂಖ್ಯೆ, ಹಿಂದಿನ ರಿಪೇರಿಗಳು, ಈಗಿನ ದೋಷಗಳು, ಬೆಲೆ ಕಟ್ಟಿದ ಕ್ರಮ ಇವೆಲ್ಲ ಅದರಲ್ಲಿ ಇರಬೇಕು, ಅದರ ಪ್ರತಿ ಮಾಲೀಕನ ಕೈಯಲ್ಲೂ ಇರಬೇಕು.

ಕೇಂದ್ರ ಸರ್ಕಾರದ ಮತ್ಸ್ಯ ಸಂಪದ ಯೋಜನೆಯ ಗುಂಪು ಅಪಘಾತ ವಿಮೆಯಲ್ಲಿ ದೋಣಿಯೂ ಸೇರಿದೆ ಎಂದು ಹಲವರು ತಿಳಿದಿದ್ದಾರೆ. ಅದು ಮೀನುಗಾರನ ಸಾವು ಮತ್ತು ಅಂಗವೈಕಲ್ಯಕ್ಕೆ ಸಂಬಂಧಿಸಿದ್ದು. ದೋಣಿಗೆ ಬೇರೆಯೇ ಪಾಲಿಸಿ ಬೇಕು.

ವಿಮಾ ಸರ್ವೇಯರುಗಳಿಗೆ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು ವಿಭಾಗವಾರು ಪರವಾನಗಿ ಕೊಡುತ್ತದೆ. ಮೋಟಾರು ವಾಹನ ನೋಡುವವರು ಬೇರೆ, ಹಡಗು ದೋಣಿ ನೋಡುವವರು ಬೇರೆ. ದೋಣಿಯ ಪರವಾನಗಿ ಉಳ್ಳವರಿಗೆ ಕೆಲಸ ಇರುವುದು ಬಹುತೇಕ ಕರಾವಳಿಯಲ್ಲಿ. ಒಬ್ಬ ಬಡ ಮೀನುಗಾರ ತನ್ನ ಒಂದು ದೋಣಿಗಾಗಿ ಅಲ್ಲಿಂದ ಸರ್ವೇಯರನ್ನು ಕರೆಸಿ, ಪ್ರಯಾಣದ ವೆಚ್ಚ ಮತ್ತು ಶುಲ್ಕ ಎರಡನ್ನೂ ಭರಿಸಲಾರ. ಐವತ್ತು ದೋಣಿಗಳು ಒಂದೆಡೆ ಸೇರಿದರೆ ಅದೇ ವೆಚ್ಚ ಹಂಚಿಹೋಗುತ್ತದೆ. ಆದ್ದರಿಂದ ಮೀನುಗಾರಿಕೆ ಇಲಾಖೆಯು ವಿಮಾ ಕಂಪನಿಗಳ ಜೊತೆ ಮಾತನಾಡಿ, ವಾಣಿವಿಲಾಸ ಸಾಗರದಲ್ಲಿ ಮತ್ತು ದಾವಣಗೆರೆ ಜಿಲ್ಲೆ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಲ್ಲಿ ವರ್ಷಕ್ಕೊಮ್ಮೆ, ನೀರು ಇಳಿದಿರುವ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ, ಸರ್ವೆ ಶಿಬಿರ ನಡೆಸಬೇಕೆಂದು ವಿನಂತಿಸುತ್ತೇನೆ. ವರದಿಯನ್ನು ಕನ್ನಡದಲ್ಲಿ ಕೊಡುವುದು, ದೋಷ ಸರಿಪಡಿಸಲು ಮಳೆಗಾಲದವರೆಗೆ ಕಾಲಾವಕಾಶ ನೀಡುವುದು, ಶುಲ್ಕದ ಒಂದು ಪಾಲನ್ನು ಸಹಕಾರ ಸಂಘಗಳ ಮೂಲಕ ಭರಿಸುವುದು ಈ ಮೂರನ್ನೂ ಇಲಾಖೆ ಪರಿಗಣಿಸಲಿ. ಬರುವ ಬೇಸಿಗೆಯಲ್ಲೇ ಮೊದಲ ಶಿಬಿರ ನಡೆಯುವಂತೆ ಎರಡೂ ಜಿಲ್ಲೆಗಳ ಅಧಿಕಾರಿಗಳು ಈಗಿನಿಂದಲೇ ದೋಣಿಗಳ ಪಟ್ಟಿ ಮಾಡಿಸಬೇಕು.

– ಮೀನುಗಾರರ ಸಹಕಾರ ಸಂಘವೊಂದರ ಸದಸ್ಯ, ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ